ಮನೆಯಲ್ಲೊಬ್ಬರಿಗೆ ಮಾನಸಿಕ ಕಾಯಿಲೆ ಬಂದಾಗ ಜೊತೆಗಿರುವವರು ತಿಳಿದಿರಬೇಕಾದದ್ದು

ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಯಾರೂ ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ತಲಿ ಭಾರ ಆಗ್ಯಾದ’, ‘ಎದಿ ಧಸಕ್ ಅಂತದ’, ‘ನಿದ್ದಿನೇ ಹತ್ತವಲ್ದು’, ‘ಜೀವಕ್ಕ ಬ್ಯಾಸರ ಬಂದದ’ ಎನ್ನುತ್ತಾರೆ. ಉರ್ದು ಮನೆಮಾತಿನವರು ‘ಘಬರಾಹಟ್’ ಎನ್ನುತ್ತಾರೆ. ಸಂಕಟವು ಮೈಯ ಮಾತಿನಲ್ಲಿ ಹೊರಬರುವುದರಿಂದ ಚಿಕಿತ್ಸೆಯೂ ಮೈಗೇ ನಡೆಯುತ್ತದೆ: ಊರಿನಲ್ಲಿ ಒಂದು ಸಲೈನ್, ಒಂದು ಶಕ್ತಿಯ ಇಂಜೆಕ್ಷನ್, ಆಮೇಲೆ ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ ಇಸಿಜಿ ಮತ್ತು ಸ್ಕ್ಯಾನಿಂಗ್. ಎಲ್ಲ ರಿಪೋರ್ಟುಗಳೂ ನಾರ್ಮಲ್ ಬಂದ ದಿನ ಮನೆಯವರು ಇದು ನಾಟಕವೆಂದು ತೀರ್ಮಾನಿಸುತ್ತಾರೆ. ವಾಸ್ತವವಾಗಿ ಮನೋವೈದ್ಯರ ಬಳಿಗೆ ಹೋಗಬೇಕಾದ ದಿನ ಅದೇ. ಥೈರಾಯ್ಡ್ ದೋಷ, ರಕ್ತಹೀನತೆ, ಬಿ12 ಕೊರತೆಗಳೂ ಇಂಥದೇ ಲಕ್ಷಣ ತೋರಿಸುವುದರಿಂದ ಮೊದಲು ರಕ್ತಪರೀಕ್ಷೆ ಮಾಡಿಸಿದ್ದು ವ್ಯರ್ಥವಲ್ಲ. ಆದರೆ ಅಲ್ಲಿಗೇ ನಿಲ್ಲಬಾರದು. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು ಹತ್ತು ವಯಸ್ಕರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇರುವುದು ಕಂಡುಬಂದಿತ್ತು, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಲ್ಲಿರಲಿಲ್ಲ.

ಗುರುತಿಸುವುದು

ದುಃಖವಾದ ಮಾತ್ರಕ್ಕೆ ಖಿನ್ನತೆ ಎನ್ನಲಾಗದು. ಬೇಸರ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಇದ್ದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆಗಳು ಕೆಟ್ಟು, ‘ನಾ ಎಲ್ಲಾರಿಗೂ ಭಾರ ಆಗೀನಿ’ ಎಂಬ ಮಾತು ಬರತೊಡಗಿದರೆ ಅದು ಕಾಯಿಲೆ. ತೊಗರಿ ರಾಶಿಯ ಕಾಲದಲ್ಲಿ ಎಲ್ಲರಿಗಿಂತ ಮೊದಲು ಹೊಲದಲ್ಲಿರುತ್ತಿದ್ದವನು ರಾಶಿ ನಡೆದಿರುವಾಗಲೂ ಹೊದ್ದು ಮಲಗಿದ್ದರೆ ಅದನ್ನು ಸೋಮಾರಿತನವೆಂದು ಬೈಯುವ ಮೊದಲು ಇದನ್ನು ನೆನೆಯಬೇಕು.

ಪ್ಯಾನಿಕ್ ಎಂಬ ತೀವ್ರ ಆತಂಕದ ಅಲೆಯಲ್ಲಿ ಎದೆ ಬಡಿದುಕೊಂಡು, ಉಸಿರು ಕಟ್ಟಿ, ಈಗಲೇ ಸತ್ತೆನೆಂಬ ಭಯ ಕೆಲವೇ ನಿಮಿಷಗಳಲ್ಲಿ ತುದಿಗೇರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಮೊದಲ ಸಲ ಹೃದಯದ ಪರೀಕ್ಷೆ ಆಗಲೇಬೇಕು. ಹೃದಯ ಸರಿಯಿದೆ ಎಂದಾದ ಮೇಲೆ ಪ್ರತಿ ಸಲವೂ ಆಸ್ಪತ್ರೆಗೆ ಓಡುವುದರಿಂದ ಭಯವೇ ಬೆಳೆಯುತ್ತದೆ. ಗೀಳು ಕಾಯಿಲೆಯಲ್ಲಿ ಕೈ ತೊಳೆದಷ್ಟೂ ಮೈಲಿಗೆ ಹೋಗದು, ಕೀಲಿ ಹಾಕಿದ್ದನ್ನು ಎಷ್ಟು ಸಲ ನೋಡಿದರೂ ಸಮಾಧಾನವಾಗದು. ‘ಮಡಿ ಬಾಳ’ ಎಂದು ಹೊಗಳಿಸಿಕೊಂಡ ಎಷ್ಟೋ ಹಿರಿಯ ಹೆಣ್ಣುಮಕ್ಕಳು ಈ ಕಾಯಿಲೆಯಲ್ಲೇ ಜೀವ ಸವೆಸಿರಬಹುದೆಂದು ನನಗೆ ಅನೇಕ ಸಲ ಅನ್ನಿಸಿದೆ.

ಬೈಪೋಲಾರ್ ಕಾಯಿಲೆಯಲ್ಲಿ ಖಿನ್ನತೆಯ ತಿಂಗಳುಗಳ ನಡುವೆ ಅದಕ್ಕೆ ವಿರುದ್ಧವಾದ ಉನ್ಮಾದದ ಕಾಲ ಬರುತ್ತದೆ: ಎರಡು ತಾಸು ಮಲಗಿದರೂ ದಣಿವಿಲ್ಲ, ಮಾತಿಗೆ ಬಿಡುವಿಲ್ಲ, ಸಾಲ ಮಾಡಿ ದಾನ ಮಾಡುತ್ತಾರೆ. ಸ್ಕಿಜೋಫ್ರೇನಿಯಾದಲ್ಲಿ ಇಲ್ಲದ ಧ್ವನಿಗಳು ಕೇಳಿಸುತ್ತವೆ, ಅನ್ನಕ್ಕೆ ವಿಷ ಹಾಕಿದ್ದಾರೆಂಬ ಸಂಶಯ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲು, ಅನೇಕ ತಿಂಗಳ ಕಾಲ, ಸ್ನಾನ ಬಿಟ್ಟು, ಗೆಳೆಯರನ್ನು ಬಿಟ್ಟು ಮೂಲೆ ಹಿಡಿದದ್ದನ್ನು ಮನೆಯವರು ಗಮನಿಸಿರುವುದಿಲ್ಲ. ಹಿರಿಯರು ಬಾಣಂತಿ ಸನ್ನಿ ಎಂದು ಕರೆದದ್ದು ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬರುವ ತುರ್ತು ಕಾಯಿಲೆ. ಅಂಥ ತಾಯಿಯನ್ನೂ ಕೂಸನ್ನೂ ಇಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ದಿನವೂ ಕುಡಿಯುವವರಿಗೆ ಪ್ರಮಾಣ ಮಾಡಿಸಿ ಒಮ್ಮೆಲೇ ಬಿಡಿಸುವುದೂ ಅಪಾಯಕಾರಿ. ಬಿಟ್ಟ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವ ಸನ್ನಿ ಹಿಡಿಯಬಹುದು, ಜೀವವೂ ಹೋಗಬಹುದು. ಆದ್ದರಿಂದ ವೈದ್ಯರ ಕಣ್ಣೆದುರು ಬಿಡಿಸುವುದು ಕ್ಷೇಮ.

ದುವಾ (ಪ್ರಾರ್ಥನೆ) ಮತ್ತು ದವಾ (ಔಷಧ)

ಕಲಬುರಗಿ, ಬೀದರ, ಯಾದಗಿರಿ, ಈ ಮೂರು ಜಿಲ್ಲೆಗಳಲ್ಲಿ ಭಾನಾಮತಿ ಎಂಬ ಮಾಟದ ಹೆಸರು ಕೇಳದೆ ಬೆಳೆದವರಿಲ್ಲ. ‘ಯಾರೋ ಮಾಡಿಸ್ಯಾರ’ ಎಂಬ ಮಾತು ಮನೆಯಲ್ಲಿ ಹುಟ್ಟಿದ ಮೇಲೆ ಗಾಣಗಾಪುರದ ದತ್ತನ ಗುಡಿಗೋ ದರ್ಗಾಕ್ಕೋ ಹೋಗುವುದು ನಡೆದೇ ನಡೆಯುತ್ತದೆ. ಹೋಗಬೇಡಿರೆಂದು ಹಟ ಹಿಡಿದು ಹಿರಿಯರನ್ನು ಎದುರು ಹಾಕಿಕೊಂಡವರು, ನಾನು ಕಂಡಂತೆ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಅವಕಾಶವನ್ನೂ ಕಳೆದುಕೊಂಡಿದ್ದಾರೆ. ದತ್ತನ ದರ್ಶನವೂ ಆಗಲಿ, ತಾಯಿತವೂ ಇರಲಿ, ಅದೇ ವಾರದಲ್ಲಿ ಡಾಕ್ಟರರನ್ನೂ ನೋಡೋಣ ಎಂದರೆ ಸಾಮಾನ್ಯವಾಗಿ ಯಾರೂ ಒಲ್ಲೆ ಎನ್ನುವುದಿಲ್ಲ. ಒಪ್ಪಿಕೊಳ್ಳಲಾಗದ ಗೆರೆ ಒಂದಿದೆ: ಎಲ್ಲಿ ಸರಪಳಿ ಬಿಗಿಯುತ್ತಾರೋ, ಹೊಡೆಯುತ್ತಾರೋ, ಮೆಣಸಿನಕಾಯಿ ಹೊಗೆ ಹಾಕುತ್ತಾರೋ, ಗುಳಿಗೆ ಬಿಡಿಸುತ್ತಾರೋ ಅಲ್ಲಿಂದ ಎಬ್ಬಿಸಿಕೊಂಡು ಬರಬೇಕು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ರಾಜ್ಯದ 2017ರ ವಾಮಾಚಾರ ಪ್ರತಿಬಂಧ ಕಾನೂನಿನಡಿ ಅಪರಾಧ. ಮಾನಸಿಕ ರೋಗಿಗೆ ಸರಪಳಿ ಹಾಕುವುದನ್ನು ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ನಿಷೇಧಿಸಿದೆ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಈ ಮೂರರ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದ್ದು, ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯಿಂದಲೋ ಕೇಳಿಕೊಂಡೇ ಬಸ್ಸು ಹತ್ತುವುದು ಒಳ್ಳೆಯದು. ಅಂದಹಾಗೆ, ಇಡೀ ದೇಶ ಅನುಸರಿಸುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದು ನಮ್ಮದೇ ಬಳ್ಳಾರಿಯಲ್ಲಿ. ಹೊರಗೆ ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಹೆಸರಿನ ಈ ಉಚಿತ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಆರೈಕೆ ಮಾಡುವವರೂ ಮಾಡಬಹುದು.

ಮೊದಲ ಭೇಟಿಗೆ ಒಂದು ಹಾಳೆಯಲ್ಲಿ ಕಾಯಿಲೆ ಆರಂಭವಾದ ತಿಂಗಳು, ನಿದ್ದೆ ಮತ್ತು ಊಟದ ಸ್ಥಿತಿ, ಕುಡಿತ, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳು, ಮನೆತನದಲ್ಲಿ ಇಂಥದು ಮತ್ತಾರಿಗಾದರೂ ಇತ್ತೇ ಎಂಬುದನ್ನು ಬರೆದುಕೊಂಡು ಹೋಗಬೇಕು. ಆರು ಜನ ಹೋಗುವುದು ಬೇಡ; ರೋಗಿ ನಂಬುವ ಒಬ್ಬರು ಸಾಕು, ಅವರೂ ಸ್ವಲ್ಪ ಹೊತ್ತು ಹೊರಗೆ ಕೂತು ರೋಗಿ ಒಂಟಿಯಾಗಿ ಮಾತನಾಡಲು ಬಿಡಬೇಕು. ವೈದ್ಯರು ಬೇರೆ ಸೀಮೆಯವರಾಗಿದ್ದರೆ ‘ಧಸಕ್’ ಎಂಬುದರ ಅರ್ಥವನ್ನು ಬಿಡಿಸಿ ಹೇಳುವ ಕೆಲಸವೂ ನಿಮ್ಮದೇ.

ಗುಳಿಗೆಯ ಮಾತು

ನಮ್ಮ ಕಡೆಯ ಅತಿ ದೊಡ್ಡ ತೊಂದರೆ ವೈದ್ಯರ ಬಳಿಗೆ ಹೋಗದಿರುವುದಕ್ಕಿಂತ ಹೆಚ್ಚಾಗಿ ಎರಡೇ ತಿಂಗಳಿಗೆ ಗುಳಿಗೆ ಬಿಡುವುದು ಎಂದು ನಾನು ತಿಳಿದಿದ್ದೇನೆ. ಖಿನ್ನತೆಯ ಔಷಧ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ವಾಕರಿಕೆಯಂಥ ಅಡ್ಡಪರಿಣಾಮ ಮಾತ್ರ ಮೊದಲ ದಿನವೇ ಬರುತ್ತದೆ. ಹೀಗಾಗಿ ಮೊದಲ ಹದಿನೈದು ದಿನ ‘ಇದರಿಂದ ಮತ್ತಷ್ಟು ಕೆಟ್ಟಿತು’ ಎಂದು ಬಿಡುವವರಿದ್ದಾರೆ, ಮೂರನೇ ತಿಂಗಳು ‘ಈಗ ಆರಾಮ ಅದ’ ಎಂದು ಬಿಡುವವರಿದ್ದಾರೆ. ಆರಾಮವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ಬೈಪೋಲಾರ್ ಮತ್ತು ಸ್ಕಿಜೋಫ್ರೇನಿಯಾದಲ್ಲಿ ಅನೇಕ ವರ್ಷ. ಖಿನ್ನತೆಯ ಗುಳಿಗೆ ಸಾರಾಯಿಯಂತೆ ಚಟ ಹತ್ತಿಸುವುದಿಲ್ಲ, ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಳಮಳ ಬರುವುದರಿಂದ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದು ನುಂಗುವ ನಿದ್ದೆ ಗುಳಿಗೆಯದು ಬೇರೆಯೇ ಕಥೆ. ಆಲ್ಪ್ರಜೋಲಾಮ್ ಜಾತಿಯ ಗುಳಿಗೆಗಳು ನಿಜಕ್ಕೂ ಚಟ ಹತ್ತಿಸುತ್ತವೆ. ಗಂಡಸರು ಬಾಯಿಬಿಟ್ಟು ಹೇಳದೆ ಔಷಧ ಬಿಡುವುದಕ್ಕೆ ಲೈಂಗಿಕ ತೊಂದರೆ ಕಾರಣವಾಗಿರುವುದುಂಟು, ಹೆಣ್ಣುಮಕ್ಕಳಿಗೆ ಮೈ ಬರುವುದು, ಎಂದರೆ ದಪ್ಪಗಾಗುವುದು, ಕಾರಣವಾಗಿರುವುದುಂಟು. ಗದರಿಸದೆ ಕೇಳಿ ವೈದ್ಯರಿಗೆ ತಿಳಿಸಿದರೆ ಔಷಧ ಬದಲಿಸಲು ಸಾಧ್ಯ. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಗುಳೆ ಹೋಗುವವರು ಹೊರಡುವ ಮೊದಲೇ ಅಷ್ಟು ದಿನದ ಗುಳಿಗೆ ಮತ್ತು ಚೀಟಿಯ ಫೋಟೊ ಜೊತೆಗಿಟ್ಟುಕೊಳ್ಳಬೇಕು.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಬಗ್ಗೆ ಈ ಬಿಸಿಲುನಾಡಿನವರಿಗೆ ವಿಶೇಷವಾಗಿ ಹೇಳಬೇಕು. ಚಿತ್ತಾಪುರ ತಾಲ್ಲೂಕಿನ ನಮ್ಮ ಕಾಕಾ ಎರಡು ವರ್ಷ ಲಿಥಿಯಂ ಮೇಲೆ ಚೆನ್ನಾಗಿದ್ದರು. ಒಂದು ಮೇ ತಿಂಗಳಿನಲ್ಲಿ ಮದುವೆಯೊಂದಕ್ಕೆ ಬಿಸಿಲಲ್ಲಿ ತಿರುಗಿ ವಾಂತಿ ಭೇದಿ ಹತ್ತಿತು, ಮೈಕೈ ನೋವೆಂದು ಊರಿನಲ್ಲಿ ಯಾರೋ ನೋವಿನ ಇಂಜೆಕ್ಷನ್ನನ್ನೂ ಕೊಟ್ಟರು. ಮರುದಿನ ಕೈ ನಡುಗಿ, ಹೆಜ್ಜೆ ತಪ್ಪಿ, ಮಾತು ತೊದಲತೊಡಗಿದಾಗ ಬೀಗರೆಲ್ಲ ‘ಕುಡ್ದಾರ’ ಎಂದು ನಕ್ಕರು. ನಿಜದಲ್ಲಿ ಮೈಯ ನೀರು ಕಡಿಮೆಯಾಗಿ, ನೋವಿನ ಔಷಧವೂ ಸೇರಿ, ರಕ್ತದಲ್ಲಿ ಲಿಥಿಯಂ ಏರಿತ್ತು. ಇನ್ನೊಂದು ದಿನ ತಡೆದಿದ್ದರೆ ಮೂತ್ರಪಿಂಡಕ್ಕೆ ಹಾನಿಯಾಗುತ್ತಿತ್ತೆಂದು ಆಸ್ಪತ್ರೆಯಲ್ಲಿ ಹೇಳಿದರು. ಆದ್ದರಿಂದ ಲಿಥಿಯಂ ನುಂಗುವವರು ಬೇಸಿಗೆಯಲ್ಲಿ ಸಾಕಷ್ಟು ನೀರು ಕುಡಿಯಬೇಕು, ಉಪ್ಪನ್ನು ಒಮ್ಮೆಲೇ ಬಿಡಬಾರದು, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಔಷಧವನ್ನು ಕೇಳದೆ ತೆಗೆದುಕೊಳ್ಳಬಾರದು, ವಾಂತಿ ಭೇದಿಯಾದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಬೇಕು, ರಕ್ತಪರೀಕ್ಷೆ ತಪ್ಪಿಸಬಾರದು. ರಂಜಾನ್ ರೋಜಾ ಹಿಡಿಯುವವರಿದ್ದರೆ ತಿಂಗಳು ಮೊದಲೇ ವೈದ್ಯರೊಂದಿಗೆ ಮಾತನಾಡಬೇಕು.

ಮಾತಾಡುವ ಬಗೆ

‘ಧೈರ್ಯ ತಗೋ’, ‘ನಿನಗೇನು ಕಡಿಮಿ ಆಗ್ಯಾದ’ ಎಂಬ ಮಾತುಗಳನ್ನು ಪ್ರೀತಿಯಿಂದಲೇ ಆಡುತ್ತೇವೆ. ಕೇಳುವವನಿಗೆ ಅವು ಆರೋಪವಾಗಿ ತಾಗುತ್ತವೆ. ‘ಕಾಕಾ, ನಾಲ್ಕ ದಿನ ಆತು ನೀವು ಸರಿ ಉಂಡಿಲ್ಲ, ಏನಾಗ್ಯಾದ?’ ಎಂದು ಕಂಡದ್ದನ್ನು ಹೇಳಿ ಸುಮ್ಮನೆ ಕೂತರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಇಲ್ಲದ ಧ್ವನಿ ಕೇಳುವವರ ಜೊತೆ ವಾದವೂ ಬೇಡ, ಹೌದೆನ್ನುವುದೂ ಬೇಡ. ‘ತಮ್ಮಾ, ನಿನಗ ಕೇಳಸ್ತದ ಅಂದ್ರ ನಾ ಸುಳ್ಳ ಅನ್ನಂಗಿಲ್ಲ; ನನಗ ಕೇಳಸವಲ್ದು. ಅಂಜಿಕಿ ಆಗ್ತದೇನು?’ ಎಂದರೆ ಅವನ ಭಯಕ್ಕೆ ಜೊತೆಯಾಗುತ್ತದೆ, ಭ್ರಮೆಗೆ ಸಾಕ್ಷಿಯಾಗುವುದಿಲ್ಲ. ಅನ್ನದಲ್ಲಿ ಗುಪ್ತವಾಗಿ ಗುಳಿಗೆ ಬೆರೆಸುವುದನ್ನು ಅನೇಕ ಮನೆಗಳಲ್ಲಿ ಮಾಡುತ್ತಾರೆ. ಗೊತ್ತಾದ ದಿನ ವಿಷದ ಸಂಶಯಕ್ಕೆ ನಾವೇ ಪುರಾವೆ ಒದಗಿಸಿದಂತಾಗುತ್ತದೆ.

ಸಾಯುವ ಮಾತು ಬಂದರೆ ನೇರವಾಗಿ ಕೇಳಬೇಕು: ‘ಸಾಯಬೇಕು ಅನಸ್ತದೇನು?’ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಬ್ಬರೇ ಬಿಡಬಾರದು. ಬೆಳೆಗೆ ಹೊಡೆಯುವ ಎಣ್ಣೆಯನ್ನು (ಕೀಟನಾಶಕವನ್ನು) ಮನೆಯಿಂದಲೇ ಹೊರಗೆ, ಬೇರೆಯವರ ಕೀಲಿಯಲ್ಲಿ ಇರಿಸಬೇಕು. 14416ಕ್ಕೆ, ತುರ್ತಾದರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು ಭಾವಿಸುತ್ತದೆ. ಹೀಗಾಗಿ ಕೇಸಿನ ಭಯದಿಂದ ಆಸ್ಪತ್ರೆ ತಪ್ಪಿಸುವ ಕಾರಣ ಉಳಿದಿಲ್ಲ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಯಾರ ಬಾಯಿಂದ ಬಂದರೂ ತಳ್ಳಿಹಾಕಬೇಕು. ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗುಳಿಗೆಯನ್ನೂ ಮುಚ್ಚಿಡಬೇಕಾಗುತ್ತದೆ, ಮುಚ್ಚಿಟ್ಟ ಗುಳಿಗೆ ತಪ್ಪುತ್ತದೆ, ಮೂರು ತಿಂಗಳಲ್ಲಿ ಕಾಯಿಲೆ ಮರಳಿ ಎರಡು ಮನೆತನಗಳು ಬೀದಿಗೆ ಬರುತ್ತವೆ. ತಿಳಿಸಿ ಮಾಡಿದ ಮದುವೆಗಳು ಬಾಳಿದ್ದನ್ನು ನಾನು ನೋಡಿದ್ದೇನೆ.

ಚೇತರಿಕೆಯ ಕಾಲ

ಚೇತರಿಸಿಕೊಳ್ಳುವವರಿಗೆ ಕೆಲಸ ಬೇಕು, ಆದರೆ ಹಳೆಯ ಕೆಲಸ ಪೂರ್ತಿಯಾಗಿ ಅಲ್ಲ: ಮೊದಲ ತಿಂಗಳು ಎಮ್ಮೆಗೆ ಮೇವು ಹಾಕುವುದು, ಆಮೇಲೆ ಸಂತೆಗೆ ಹೋಗಿಬರುವುದು. ದೀರ್ಘಕಾಲದ ಕಾಯಿಲೆಯಿಂದ ದುಡಿಯಲಾಗದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದ್ದು, ಶೇಕಡಾ 40 ಅಥವಾ ಹೆಚ್ಚಿನ ಅಸಮರ್ಥತೆ ಎಂದು ಪ್ರಮಾಣಪತ್ರವಾದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಮೂಲಕ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಆರೈಕೆಯ ಭಾರ ಹೆಚ್ಚಾಗಿ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ವಾರಕ್ಕೊಂದು ದಿನವಾದರೂ ಅವಳಿಗೆ ಬಿಡುವು ಕೊಡಲು ಮನೆಯ ಗಂಡಸರಿಗೆ ಸರದಿ ಹಚ್ಚಬೇಕು.

ಪ್ರತಿಯೊಬ್ಬರ ಕಾಯಿಲೆಯೂ ಮರಳುವ ಮುನ್ನ ತನ್ನದೇ ಸೂಚನೆ ಕೊಡುತ್ತದೆ. ರೋಗಿ ಚೆನ್ನಾಗಿರುವ ದಿನಗಳಲ್ಲಿಯೇ ಅವರೊಂದಿಗೆ ಕೂತು ಅದನ್ನು ಬರೆದಿಡಬೇಕು. ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಕಾಕಾ ಅವರೇ ಹೇಳಿ ಬರೆಸಿದ ಮೂರು ಸಾಲುಗಳಿವೆ: ನಸುಕಿನ ನಾಲ್ಕಕ್ಕೆ ಬೀಗರಿಗೆಲ್ಲ ಫೋನ್ ಮಾಡುವುದು, ಆಡು ಖರೀದಿಯ ಮಾತು ತೆಗೆಯುವುದು, ಒಂದರ ಹಿಂದೊಂದು ಎರಡು ರಾತ್ರಿ ನಿದ್ದೆಯಿಲ್ಲದಿರುವುದು. ಇವುಗಳಲ್ಲಿ ಯಾವ ಎರಡು ಕಂಡರೂ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಕಾಕು (ಕಾಕಾರ ಹೆಂಡತಿ) ಅವರೊಂದಿಗೆ ಕಲಬುರಗಿಗೆ ಹೊರಡುವುದೆಂದು ಕಾಕಾ ಒಪ್ಪಿ, ಕೆಳಗೆ ಸಹಿಯನ್ನೂ ಮಾಡಿದ್ದಾರೆ.