ಸರ್ವಧರ್ಮ ಪರಿಷತ್ತಿನ ಯೋಜನೆಗೆ ಸಲಹೆಗಾರರನ್ನು ಆರಿಸಿಕೊಂಡ ಬಗೆ: ನನ್ನ ಅನುಭವ

ನಾನು ಕಾರ್ಯದರ್ಶಿಯಾಗಿರುವ ಸರ್ವಧರ್ಮ ಪರಿಷತ್ತು ಮುಂದಿನ ಐದು ವರ್ಷಕ್ಕೊಂದು ಕಾರ್ಯಯೋಜನೆ ಮಾಡಿಕೊಳ್ಳಬೇಕೆಂದು ತೀರ್ಮಾನಿಸಿದಾಗ, ಅದಕ್ಕೊಬ್ಬ ಹೊರಗಿನ ಸಲಹೆಗಾರರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಇಂಥದೇ ಜವಾಬ್ದಾರಿ ಹೊತ್ತವರು ಈಗಲೂ ಫೋನ್ ಮಾಡಿ "ನೀವು ಹೇಗೆ ಮಾಡಿದಿರಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಗಿನವರೇ ಯಾಕೆ ಬೇಕಿತ್ತು? ನಮ್ಮ ಸದಸ್ಯರಲ್ಲೇ ದೊಡ್ಡ ಸಂಸ್ಥೆಗಳಿಗೆ ಯೋಜನೆ ರೂಪಿಸಿಕೊಟ್ಟ ಅನುಭವಿಗಳಿದ್ದರು. ಆದರೆ ಅವರಲ್ಲಿ ಯಾರು ಸಭೆ ನಡೆಸಿದರೂ ಅವರೂ ಒಂದು ಸಮುದಾಯದವರೇ. ಯಾರ ಮಾತು ಬೋರ್ಡಿಗೆ ಏರಿತು, ಯಾರದು ಏರಲಿಲ್ಲ ಎಂಬುದನ್ನು ಉಳಿದವರು ಗಮನಿಸುತ್ತಾರೆ. ಎಷ್ಟೇ ನ್ಯಾಯವಾಗಿ ನಡೆದುಕೊಂಡರೂ ಅನುಮಾನ ತಪ್ಪುವುದಿಲ್ಲ, ಆ ಅನುಮಾನವನ್ನು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಸರ್ವಧರ್ಮ ಸಂಘಟನೆಗಳ ದೊಡ್ಡ ಗುಣ ಸೌಜನ್ಯ. ಕಷ್ಟದ ಪ್ರಶ್ನೆಗಳು ವರ್ಷಗಟ್ಟಲೆ ಉಳಿದುಬಿಡುವುದೂ ಅದೇ ಸೌಜನ್ಯದಿಂದ.

ನಮ್ಮಲ್ಲಿ ಹಾಗೆ ಉಳಿದಿದ್ದ ಪ್ರಶ್ನೆ ಒಂದೇ. ಒಂದು ಪ್ರಾರ್ಥನಾಸ್ಥಳದ ಮೇಲೆ ಎಲ್ಲೋ ದಾಳಿಯಾಗುತ್ತದೆ, ಪತ್ರಕರ್ತರು ಫೋನ್ ಮಾಡುತ್ತಾರೆ. ಪರಿಷತ್ತಿನ ಪರವಾಗಿ ಯಾರು ಮಾತಾಡಬೇಕು? ಯಾವ ವಿಷಯಕ್ಕೆ ಮಾತಾಡಬೇಕು, ಯಾವುದಕ್ಕೆ ಸುಮ್ಮನಿರಬೇಕು? ಜಂಟಿ ಪ್ರಾರ್ಥನೆ, ಹಬ್ಬದ ಶುಭಾಶಯ, ವಿಶ್ವಸಂಸ್ಥೆ 2010ರಲ್ಲಿ ಘೋಷಿಸಿದ, ಫೆಬ್ರವರಿ ಮೊದಲ ವಾರ ಬರುವ ಅಂತರ್‌ಧರ್ಮೀಯ ಸಾಮರಸ್ಯ ಸಪ್ತಾಹ, ಇವೆಲ್ಲ ಚೆನ್ನಾಗಿಯೇ ನಡೆಯುತ್ತಿದ್ದವು. ಆದರೆ ಈ ಪ್ರಶ್ನೆಗೆ ಉತ್ತರವಿಲ್ಲದೆ ಐದು ವರ್ಷದ ಯೋಜನೆ ಬರೆದರೆ ಅದು ಕಾರ್ಯಕ್ರಮಗಳ ಪಟ್ಟಿಯಾಗುತ್ತಿತ್ತು ಅಷ್ಟೆ. ಯೋಜನೆ ಬರೆದುಕೊಡುವವರು ಬಹಳ ಜನ ಸಿಗುತ್ತಾರೆ. ನಮಗೆ ಬೇಕಿದ್ದದ್ದು ಈ ಪ್ರಶ್ನೆಯನ್ನು ನಮ್ಮ ನಡುವೆ ಇಟ್ಟು, ಯಾರೂ ಎದ್ದುಹೋಗದಂತೆ ನೋಡಿಕೊಳ್ಳಬಲ್ಲವರು.

ಹುಡುಕಾಟ ಶುರು ಮಾಡುವ ಮೊದಲು ಎರಡು ಪುಟದ ಟಿಪ್ಪಣಿ ಬರೆದೆವು. ಅದರಲ್ಲಿ ಹೆಚ್ಚು ಹೊತ್ತು ಹಿಡಿದದ್ದು "ನಮ್ಮ ಸದಸ್ಯರು ಯಾರ ಪರವಾಗಿ ಮಾತಾಡುತ್ತಾರೆ" ಎಂಬ ಭಾಗ. ಕ್ಯಾಥೊಲಿಕ್ ಪಾದ್ರಿಯವರು ಬಿಷಪರ ಅಧೀನ. ದೊಡ್ಡ ವಿಷಯಕ್ಕೆ ಮೇಲಿನ ಒಪ್ಪಿಗೆ ಬೇಕು. ಇಮಾಮರು ತಮ್ಮ ಮಸೀದಿಯ ಜಮಾತಿನ ಪರ ಹೇಳಬಲ್ಲರು, ಎಲ್ಲ ಮುಸ್ಲಿಮರ ಪರ ಅಲ್ಲ. ಹಿಂದೂಗಳಲ್ಲಿ ಎಲ್ಲರ ಮಾತನ್ನೂ ಆಡಬಲ್ಲ ಒಂದು ಪೀಠವೇ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇರಾನಿನಲ್ಲಿ ಹುಟ್ಟಿದ ಬಹಾಯಿ ಧರ್ಮದವರಲ್ಲಿ ಪುರೋಹಿತ ವರ್ಗವಿಲ್ಲ, 9 ಮಂದಿಯ ಚುನಾಯಿತ ಸ್ಥಳೀಯ ಸಭೆ ತೀರ್ಮಾನಿಸುತ್ತದೆ. ಹಾಗಾಗಿ ಒಂದು ಮೇಜಿನ ಸುತ್ತ ಕೂತವರಲ್ಲಿ ಕೆಲವರಿಗೆ ಆಗಲೇ ಹೂಂ ಅನ್ನುವ ಅಧಿಕಾರ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಕಂಪನಿಯ ನಿರ್ದೇಶಕ ಮಂಡಳಿಯೊಂದಿಗೆ ಕೆಲಸ ಮಾಡಿ ಅಭ್ಯಾಸವಾದ ಸಲಹೆಗಾರರಿಗೆ ಇದನ್ನು ಮೊದಲೇ ಬರೆದು ತಿಳಿಸುವುದು ಒಳ್ಳೆಯದು.

ಅದೇ ಟಿಪ್ಪಣಿಯಲ್ಲಿ ಇನ್ನೆರಡು ಮಾತು ಸ್ಪಷ್ಟಪಡಿಸಿದೆವು. ಧರ್ಮತತ್ತ್ವದ ಚರ್ಚೆ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ; ಯಾವ ನಂಬಿಕೆ ಸರಿ ಎಂಬ ಮಾತೇ ಬೇಡ. ನಮ್ಮ ಕೈಯಲ್ಲಿರುವ ಹಣ ಎಷ್ಟು ಎಂಬುದನ್ನೂ ಬಚ್ಚಿಡದೆ ಬರೆದೆವು. ಮೊತ್ತ ಗೊತ್ತಿದ್ದರೆ ಸಲಹೆಗಾರರು ಅದಕ್ಕೆ ತಕ್ಕ ಕೆಲಸವನ್ನೇ ಪ್ರಸ್ತಾವದಲ್ಲಿ ಬರೆಯುತ್ತಾರೆ, ಎರಡೂ ಕಡೆಯವರ ಸಮಯ ಉಳಿಯುತ್ತದೆ.

ಹಣದ ಬಗ್ಗೆ ಇನ್ನೊಂದು ನಿಯಮ ಮಾಡಿಕೊಂಡೆವು: ಸಲಹೆಗಾರರ ಶುಲ್ಕವನ್ನು ಯಾವ ಒಂದು ಸಮುದಾಯವೂ, ಯಾವ ಒಬ್ಬ ದಾನಿಯೂ ಪೂರ್ತಿ ಕೊಡಕೂಡದು. ಒಬ್ಬರೇ ಕೊಡಲು ಮುಂದೆ ಬಂದಿದ್ದರು, ಉದ್ದೇಶವೂ ಒಳ್ಳೆಯದೇ. ಆದರೂ ಬೇಡವೆಂದೆವು. ಯಾರ ಪಾಲೂ ಕಾಲು ಭಾಗ ಮೀರಬಾರದು, ಚಿಕ್ಕ ಸಮುದಾಯಗಳು ಅಲ್ಪವಾದರೂ ಏನಾದರೂ ಹಾಕಬೇಕು ಎಂದು ನಿಶ್ಚಯಿಸಿದೆವು. ಚಿಕ್ಕದೊಂದು ಮೊತ್ತ ಕೊಟ್ಟವರೂ ಆಮೇಲೆ ಕರಡಿನ ಪ್ರತಿ ಸಾಲಿನ ಬಗ್ಗೆ ಹಕ್ಕಿನಿಂದ ಪ್ರಶ್ನೆ ಕೇಳಿದರು. ಆ ಹಕ್ಕು ಬರಲೆಂದೇ ನಾನು ಈ ನಿಯಮಕ್ಕೆ ಪಟ್ಟು ಹಿಡಿದದ್ದು.

ಪ್ರಸ್ತಾವಗಳು ಬಂದವು. ಆಯ್ಕೆ ಸಮಿತಿಯಲ್ಲಿ ಒಂದೇ ಸಮುದಾಯದ ಇಬ್ಬರು ಇರದಂತೆ ನೋಡಿಕೊಂಡೆವು. ಸಲಹೆಗಾರರ ಸ್ವಂತ ಧರ್ಮ ಯಾವುದೆಂದು ಕೇಳಬೇಕೆ ಎಂಬ ಚರ್ಚೆ ಬಂದಾಗ ಕೇಳುವುದು ಬೇಡವೆಂದು ವಾದಿಸಿದವಳು ನಾನು. ಯಾವ ಧರ್ಮದವರಾದರೂ ಆಗಬಹುದು, ಯಾವುದೂ ಇಲ್ಲದವರೂ ಆಗಬಹುದು. ಆದರೆ ಸದಸ್ಯ ಸಂಸ್ಥೆಗಳಲ್ಲಿ ಯಾವುದರ ಜೊತೆಗಾದರೂ ಹಿಂದೆ ಹಣ ಪಡೆದು ಕೆಲಸ ಮಾಡಿದ್ದರೆ, ಯಾವುದರಲ್ಲಾದರೂ ಪದಾಧಿಕಾರಿಯಾಗಿದ್ದರೆ, ಅದನ್ನು ಬರಹದಲ್ಲಿ ತಿಳಿಸಬೇಕೆಂದು ಕೇಳಿದೆವು. ಆ ಮಾಹಿತಿಯನ್ನು ಎಲ್ಲ ಸದಸ್ಯರಿಗೂ ಕಳುಹಿಸಿದೆವು.

ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಸನ್ನಿವೇಶ ಕೊಟ್ಟೆವು. "ಸಭೆಯಲ್ಲಿ ಒಂದು ಹೇಳಿಕೆಯ ಕರಡು ಓದುತ್ತೀರಿ. ಎಲ್ಲರೂ ಒಪ್ಪುತ್ತಾರೆ. ಒಬ್ಬ ಹಿರಿಯರು ಮಾತ್ರ ಏನೂ ಹೇಳುವುದಿಲ್ಲ. ನೀವೇನು ಮಾಡುತ್ತೀರಿ?" ಒಬ್ಬರು, ವಿರೋಧ ಇಲ್ಲವೆಂದರೆ ಒಪ್ಪಿಗೆ, ಮುಂದಿನ ವಿಷಯಕ್ಕೆ ಹೋಗುತ್ತೇನೆ ಎಂದರು. ಇನ್ನೊಬ್ಬರು, ಎಲ್ಲರೆದುರೇ ಅವರ ಅಭಿಪ್ರಾಯ ಕೇಳುತ್ತೇನೆ, ಪಾರದರ್ಶಕತೆ ಮುಖ್ಯ ಎಂದರು. ಮೂರನೆಯವರು ಸ್ವಲ್ಪ ಹೊತ್ತು ಯೋಚಿಸಿ ನಮ್ಮನ್ನೇ ಕೇಳಿದರು: "ಅವರ ಸಂಪ್ರದಾಯದಲ್ಲಿ ಸುಮ್ಮನಿರುವುದಕ್ಕೆ ಏನರ್ಥ? ಅವರು ಇಲ್ಲೇ ತೀರ್ಮಾನ ಹೇಳಬಲ್ಲರೇ, ಹಿಂದಿರುಗಿ ಯಾರನ್ನಾದರೂ ಕೇಳಬೇಕೇ?"

ನಾವು ಆರಿಸಿದ್ದು ಅವರನ್ನೇ. ಅವರ ಪ್ರಶ್ನೆ ಎಷ್ಟು ಆಳದ್ದೆಂಬುದು ಕೆಲಸ ಶುರುವಾದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಬೌದ್ಧ ಭಿಕ್ಷುಸಂಘದ ನಿಯಮಾವಳಿಯಾದ ವಿನಯದಲ್ಲಿ ಮುಖ್ಯ ವಿಷಯವನ್ನು ಒಮ್ಮೆ ಮಂಡಿಸಿ 3 ಸಲ ಘೋಷಿಸುತ್ತಾರೆ. ಒಪ್ಪದವರು ಮಾತಾಡಬೇಕು, ಮೌನವೆಂದರೆ ಸಮ್ಮತಿ. ಕ್ರೈಸ್ತರಲ್ಲೇ ಒಂದು ಪಂಗಡವಾದ ಕ್ವೇಕರರ ಸಭೆಗಳಲ್ಲಿ ಮತಕ್ಕೆ ಹಾಕುವುದೇ ಇಲ್ಲ. ಎಲ್ಲರ ಮನಸ್ಸು ಯಾವ ಕಡೆ ಕೂಡಿದೆ ಎಂಬುದನ್ನು ಸಭೆ ನಡೆಸುವವರು ಗ್ರಹಿಸಿ ಹೇಳಬೇಕು, ಮೌನವೂ ಆ ಕೆಲಸದ ಭಾಗ. ಬಹಾಯಿ ಸಮಾಲೋಚನೆಯಲ್ಲಿ ಒಬ್ಬರು ಮುಂದಿಟ್ಟ ಅಭಿಪ್ರಾಯ ಆ ಕ್ಷಣದಿಂದ ಇಡೀ ಸಭೆಯದಾಗುತ್ತದೆ, ಹೇಳಿದವರು ಅದಕ್ಕೆ ಅಂಟಿಕೊಳ್ಳಬಾರದು. ಯೆಹೂದಿ ಪರಂಪರೆಯ ಪ್ರಾಚೀನ ಧರ್ಮಶಾಸ್ತ್ರ ಗ್ರಂಥ ಮಿಶ್ನಾ ಅಲ್ಪಮತದ ಅಭಿಪ್ರಾಯಗಳನ್ನೂ ದಾಖಲಿಸಿ ಉಳಿಸಿಕೊಂಡಿದೆ. ಇಷ್ಟೆಲ್ಲ ಅಭ್ಯಾಸಗಳಲ್ಲಿ ಬೆಳೆದವರು ಒಂದೇ ಕೋಣೆಯಲ್ಲಿ ಕೂತಿರುವಾಗ "ಆಕ್ಷೇಪ ಇಲ್ಲ, ಅಂಗೀಕಾರ" ಎಂದು ನಡಾವಳಿ ಪುಸ್ತಕದಲ್ಲಿ ಬರೆದುಬಿಡುವುದು ಅಪಾಯ.

ಆ ಮೂರನೆಯವರ ಹಿಂದಿನ ಗಿರಾಕಿಗಳಿಗೂ ಫೋನ್ ಮಾಡಿದೆ. "ಕೆಲಸ ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ಹಾಗಾಗಿ "ಮಧ್ಯದಲ್ಲಿ ಯಾರಿಗೆ ಬೇಸರವಾಯಿತು? ಆಗ ಇವರು ಏನು ಮಾಡಿದರು?" ಎಂದು ಕೇಳಿದೆ. ಒಂದು ಸಂಸ್ಥೆಯವರು ಹೇಳಿದ್ದು ನನಗೆ ಸಾಕಾಯಿತು: ಬೇಸರ ಮಾಡಿಕೊಂಡವರ ಮನೆಗೇ ಹೋಗಿ ಕೂತು ಕೇಳಿಸಿಕೊಂಡು ಬಂದರು, ಅಲ್ಲಿ ಕೇಳಿದ್ದನ್ನು ನಮಗೆ ಹೇಳಲಿಲ್ಲ, ಮುಂದಿನ ಸಭೆಯ ಕ್ರಮವನ್ನು ಮಾತ್ರ ಬದಲಾಯಿಸಿದರು.

ಕರಾರು ಚಿಕ್ಕದಾಗಿತ್ತು. ಶುಲ್ಕ ಹಂತಹಂತವಾಗಿ, ಸಂದರ್ಶನಗಳ ಸಾರಾಂಶ, ಕರಡು, ಅಂತಿಮ ಯೋಜನೆ ಕೈಸೇರಿದ ಮೇಲೆ. ಒಬ್ಬೊಬ್ಬರೊಂದಿಗೆ ನಡೆಸಿದ ಮಾತುಕತೆಯ ಟಿಪ್ಪಣಿಗಳು ಅಧ್ಯಕ್ಷರಿಗೂ ಸಿಗಬಾರದು. ಮಾಧ್ಯಮದವರೊಂದಿಗೆ ಸಲಹೆಗಾರರು ಮಾತಾಡುವಂತಿಲ್ಲ. ಕೆಲಸಕ್ಕೆ ಒಪ್ಪಿದವರೇ ಬರಬೇಕು, ತಮ್ಮ ಕಚೇರಿಯ ಕಿರಿಯರನ್ನು ಕಳುಹಿಸುವಂತಿಲ್ಲ. ಎರಡೂ ಕಡೆಯವರು ಮುಂಗಡ ತಿಳಿಸಿ ಬಿಡಿಸಿಕೊಳ್ಳಬಹುದು.

ದಿನಾಂಕ ಗೊತ್ತು ಮಾಡುವುದೇ ಒಂದು ಪ್ರತ್ಯೇಕ ಕೆಲಸ. ಶುಕ್ರವಾರ ಮಧ್ಯಾಹ್ನ ಜುಮ್ಮಾ, ಅಂದೇ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯೆಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್, ಭಾನುವಾರ ಬೆಳಿಗ್ಗೆ ಚರ್ಚ್. ಇಸ್ಲಾಮಿಕ್ ವರ್ಷ ಚಾಂದ್ರಮಾನದ್ದಾದ್ದರಿಂದ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ಕ್ಯಾಲೆಂಡರ್ ನೋಡಿ ಈ ವರ್ಷದ ಸಭೆ ಗೊತ್ತು ಮಾಡಲಾಗದು. ಜೈನರ ಪರ್ಯೂಷಣ, ಮಾರ್ಚ್ ತಿಂಗಳಿನ ಬಹಾಯಿ ಉಪವಾಸ ಇವನ್ನೂ ಸೇರಿಸಿದರೆ ಉಳಿಯುವುದು ಸೋಮವಾರದಿಂದ ಗುರುವಾರದವರೆಗಿನ ಸಂಜೆಗಳು, ಅದೂ ಕೆಲವೇ ತಿಂಗಳುಗಳಲ್ಲಿ. ಸಲಹೆಗಾರರು ಬಂದ ಮೊದಲ ವಾರವೇ ಎಲ್ಲರಿಂದಲೂ ಪವಿತ್ರ ದಿನಗಳ ಪಟ್ಟಿ ತರಿಸಿಕೊಂಡು ಗೋಡೆಗೆ ಹಚ್ಚಿದರು. ಚಿಕ್ಕ ಸಮುದಾಯದವರ ಮುಖದಲ್ಲಿ ಆ ದಿನ ಕಂಡ ಸಮಾಧಾನ ನನಗಿನ್ನೂ ನೆನಪಿದೆ.

ನಂತರ ಒಬ್ಬೊಬ್ಬರೊಂದಿಗೆ ಪ್ರತ್ಯೇಕ ಮಾತುಕತೆ. ನನ್ನ ಮಟ್ಟಿಗೆ ಇಡೀ ಖರ್ಚು ಸಾರ್ಥಕವಾದದ್ದು ಇಲ್ಲಿ. ಸಭೆಯಲ್ಲಿ ಎಂದೂ ಬಾರದ ಮಾತುಗಳು ಇಲ್ಲಿ ಬಂದವು, ಹೆಸರಿಲ್ಲದೆ ಸಾರಾಂಶದಲ್ಲಿ ಸೇರಿದವು. "ನಮ್ಮನ್ನು ಫೋಟೋಕ್ಕೆ ಕರೆಯುತ್ತಾರೆ, ತೀರ್ಮಾನಕ್ಕೆ ಕರೆಯುವುದಿಲ್ಲ" ಎಂಬ ಸಾಲು ಓದಿದಾಗ ಕಾರ್ಯಕಾರಿ ಸಮಿತಿಯಲ್ಲಿ ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಮೇಜಿನ ಸುತ್ತ ಕೂತವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು ಎಂಬುದನ್ನೂ ಸಲಹೆಗಾರರೇ ಎತ್ತಿದರು. ಪ್ರತಿಯೊಂದು ಸಮುದಾಯದ ಹೆಂಗಸರ ಜೊತೆ, ಯುವಕ ಯುವತಿಯರ ಜೊತೆ ಬೇರೆ ಬೇರೆ ಕೂಟ ನಡೆಸಲು ಸಮಯ ಕೇಳಿದರು, ಕೊಟ್ಟೆವು.

ಸಾಮಾನ್ಯವಾಗಿ ಯೋಜನಾ ಕಾರ್ಯಾಗಾರ ಎಂದರೆ ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಚೌಕಗಳಿಂದ ಶುರು. ಅವರು ಅದನ್ನು ಕೈಬಿಟ್ಟರು. "ಅಪಾಯ" ಎಂಬ ಚೌಕ ತುಂಬಲು ಹೇಳಿದರೆ ಯಾರಾದರೂ ಒಬ್ಬರು ಇನ್ನೊಂದು ಸಮುದಾಯದ ಹೆಸರು ಬರೆದೇ ಬರೆಯುತ್ತಾರೆ, ಅದನ್ನು ಅಳಿಸಿದರೂ ಅಳಿಯುವುದಿಲ್ಲ ಎಂಬುದು ಅವರ ಮಾತು. ಅದರ ಬದಲು, ನಾವು ಒಟ್ಟಾಗಿ ಮಾಡಿದ್ದರಲ್ಲಿ ಯಾವುದು ನಿಜಕ್ಕೂ ಫಲ ಕೊಟ್ಟಿತು, ಅದು ಹೇಗೆ ಸಾಧ್ಯವಾಯಿತು ಎಂದು ಇಬ್ಬಿಬ್ಬರು ಪರಸ್ಪರ ಕೇಳಿಕೊಳ್ಳುವ ವಿಧಾನ ತಂದರು. ಅಮೆರಿಕದ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಕೂಪರ್‌ರೈಡರ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನಕ್ಕೆ ಅಪ್ರಿಷಿಯೇಟಿವ್ ಇನ್‌ಕ್ವೈರಿ ಎಂದು ಹೆಸರು. ಬಿಷಪ್ ವಿಲಿಯಂ ಸ್ವಿಂಗ್ ಆರಂಭಿಸಿದ ಅಂತರರಾಷ್ಟ್ರೀಯ ಸರ್ವಧರ್ಮ ಸಂಘಟನೆ ಯುನೈಟೆಡ್ ರಿಲಿಜನ್ಸ್ ಇನಿಶಿಯೇಟಿವ್ ತನ್ನ ಸನ್ನದನ್ನು ರೂಪಿಸಿಕೊಂಡದ್ದು ಇದೇ ದಾರಿಯಲ್ಲಿ. ಕೆಲವು ವರ್ಷಗಳ ಮಾತುಕತೆಯ ನಂತರ 2000ರಲ್ಲಿ ಅದಕ್ಕೆ ಸಹಿ ಬಿತ್ತು. ಅಷ್ಟು ದೊಡ್ಡ ಸಂಘಟನೆಯೇ ವರ್ಷಗಳನ್ನು ತೆಗೆದುಕೊಂಡಿದೆ ಎಂಬುದು ಅವಸರದಲ್ಲಿದ್ದ ನಮ್ಮ ಖಜಾಂಚಿಯವರಿಗೂ ಸ್ವಲ್ಪ ತಾಳ್ಮೆ ತಂದಿತು.

ಆಮೇಲೆ ಬಂತು, ಪರಿಷತ್ತು ಯಾವುದಕ್ಕೆ ಮಾತಾಡಬೇಕು, ಯಾರು ಮಾತಾಡಬೇಕು ಎಂಬ ಆ ಹಳೆಯ ಪ್ರಶ್ನೆ. ಸಲಹೆಗಾರರು ಅದನ್ನು ನೇರವಾಗಿ ಕೇಳದೆ ಹತ್ತಾರು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಒಂದೊಂದರಲ್ಲೂ ಒಂದು ಘಟನೆ: ಸದಸ್ಯ ಸಮುದಾಯದ ಪ್ರಾರ್ಥನಾಸ್ಥಳಕ್ಕೆ ಕಲ್ಲು ಬಿತ್ತು. ನ್ಯಾಯಾಲಯದ ತೀರ್ಪೊಂದು ಒಂದು ಸಮುದಾಯಕ್ಕೆ ನೋವು ತಂದಿತು. ದೂರದ ದೇಶದಲ್ಲಿ ಯುದ್ಧ. ಅಂತರ್‌ಧರ್ಮೀಯ ಮದುವೆಯ ಸುತ್ತ ಗಲಾಟೆ. ಸದಸ್ಯರೊಬ್ಬರ ಭಾಷಣವೇ ಇನ್ನೊಬ್ಬರಿಗೆ ಚುಚ್ಚಿತು. "ಪರಿಷತ್ತು ಮಾತಾಡಬೇಕಾದ್ದು ಎಡಕ್ಕೆ, ಸುಮ್ಮನಿರಬೇಕಾದ್ದು ಬಲಕ್ಕೆ, ಗೊತ್ತಿಲ್ಲದ್ದು ನಡುವೆ ಇಡಿ. ಯಾರೂ ಮಾತಾಡಬೇಡಿ, ಕಾರ್ಡು ಮಾತ್ರ ಸರಿಸಿ" ಎಂದರು. ಕಲ್ಲಿನ ಕಾರ್ಡು ಕೂಡಲೇ ಎಡಕ್ಕೆ ಹೋಯಿತು, ಯಾರೂ ಮುಟ್ಟಲಿಲ್ಲ. ಯುದ್ಧದ ಕಾರ್ಡನ್ನು ಇಮಾಮರು ಎಡಕ್ಕೆ ಸರಿಸಿದರು, ಇನ್ನೊಂದು ಕೈ ನಡುವೆ ತಂದಿತು, ಮತ್ತೆ ಎಡಕ್ಕೆ, ಮತ್ತೆ ನಡುವೆ. ಕೊನೆಗೆ ಇಮಾಮರೇ ಅದರ ಮೇಲೆ ಅಂಗೈ ಇಟ್ಟು, "ಇದರ ಬಗ್ಗೆ ನಾವು ಮಾತಾಡಲೇಬೇಕು, ಆದರೆ ಹೇಳಿಕೆಯಲ್ಲಿ ಅಲ್ಲ, ನಮ್ಮೊಳಗೆ" ಎಂದರು. ಇಷ್ಟು ವರ್ಷ ತಪ್ಪಿಸಿಕೊಂಡು ಬಂದ ಮಾತು ಶುರುವಾದದ್ದು ಹಾಗೆ.

ಅದರಿಂದ ಹುಟ್ಟಿದ ನಿಯಮ ಹೀಗಿದೆ. ಪ್ರಾರ್ಥನಾಸ್ಥಳದ ಮೇಲೆ, ಜನರ ಮೇಲೆ ಹಿಂಸೆಯಾದರೆ ಅಧ್ಯಕ್ಷರು ಮತ್ತು ಬೇರೆ ಎರಡು ಸಮುದಾಯದ ಸದಸ್ಯರು ಒಪ್ಪಿದರೆ ಸಾಕು, 24 ಗಂಟೆಯೊಳಗೆ ಹೇಳಿಕೆ. ಕಾನೂನು, ರಾಜಕೀಯದ ವಿವಾದಗಳಲ್ಲಿ ಹೇಳಿಕೆ ಇಲ್ಲ. ನೊಂದ ಸಮುದಾಯವನ್ನು ಅದೇ ದಿನ ಭೇಟಿ ಮಾಡಬೇಕು. ಉಳಿದವುಗಳಿಗೆ ಪೂರ್ಣ ಸಭೆ, ಒಪ್ಪದವರ ಮಾತು ಹೆಸರಿನೊಂದಿಗೆ ನಡಾವಳಿಯಲ್ಲಿ.

ಮೌಲ್ಯಗಳ ಪುಟ ಬರೆಯುವಾಗ "ದೇವರ ಮಕ್ಕಳಾದ ನಾವು" ಎಂಬ ಸಾಲಿಗೆ ಬೌದ್ಧ ಸದಸ್ಯರು ಮೆಲ್ಲಗೆ ಆಕ್ಷೇಪಿಸಿದರು. 1993ರಲ್ಲಿ ಷಿಕಾಗೋದ ವಿಶ್ವಧರ್ಮ ಸಂಸತ್ತು ಹೊರತಂದ ಜಾಗತಿಕ ನೀತಿಯ ಘೋಷಣೆಯನ್ನು ಸಲಹೆಗಾರರು ಆಗ ನೆನಪಿಸಿದರು. ಕ್ಯಾಥೊಲಿಕ್ ಧರ್ಮಶಾಸ್ತ್ರಜ್ಞ ಹಾನ್ಸ್ ಕ್ಯೂಂಗ್ ಸಿದ್ಧಪಡಿಸಿದ ಆ ಕರಡಿನಲ್ಲಿ ದೇವರ ಹೆಸರೆತ್ತದೆ ಎಲ್ಲರೂ ಒಪ್ಪುವ ನೀತಿಯನ್ನು ಹೇಳಲಾಗಿತ್ತು. ನಮ್ಮ ಪುಟವೂ ಅದೇ ಹಾದಿ ಹಿಡಿಯಿತು.

ಕರಡು ಸಿದ್ಧವಾದ ಮೇಲೆ ಎರಡು ತಿಂಗಳು ಸಭೆಯೇ ಇಲ್ಲ. ಸಲಹೆಗಾರರು ಅದನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆಸಿದ್ದರು: ಪ್ರತಿಯೊಬ್ಬರೂ ತಂತಮ್ಮ ಜನರ ಬಳಿ ಹೋಗಿ ಬರುವ ಕಾಲ. ಬಿಷಪರ ಕಚೇರಿಯಿಂದ ಎರಡು ತಿದ್ದುಪಡಿ ಬಂತು, ಗುರುದ್ವಾರದ ಸಮಿತಿಯಿಂದ ಒಂದು, ಹೆಂಗಸರ ಕೂಟದಿಂದ ಅತಿ ಹೆಚ್ಚು. ಅಂತಿಮ ಯೋಜನೆ ಕೆಲವೇ ಪುಟಗಳದ್ದು, ಮೂರು ಆದ್ಯತೆ. ಅದರ ಜೊತೆಗೆ ನಿಲ್ಲಿಸುವ ಕೆಲಸಗಳ ಪಟ್ಟಿಯೂ ಇದೆ. ವರ್ಷಕ್ಕೊಮ್ಮೆ ಭಾರಿ ವೇದಿಕೆ ಹಾಕಿ ನಡೆಸುತ್ತಿದ್ದ ಸಮಾವೇಶ ಅದರಲ್ಲಿ ಮೊದಲನೆಯದು. ಅದಕ್ಕೆ ಹೋಗುತ್ತಿದ್ದ ಹಣ ಈಗ ಯುವಜನರ ಕೂಟಗಳಿಗೆ ಹೋಗುತ್ತಿದೆ.

ಸಲಹೆಗಾರರ ಕೊನೆಯ ಕಂತು ಕೊಡುವ ಮೊದಲು ಒಂದು ಕೆಲಸ ಬಾಕಿ ಇತ್ತು: ಕಾರ್ಡು ಸರಿಸುವ ಆ ವಿಧಾನವನ್ನು ನಮ್ಮಲ್ಲೇ ಇಬ್ಬರಿಗೆ ಕಲಿಸಿಕೊಡುವುದು. ಬಹಾಯಿ ಸದಸ್ಯೆಯೊಬ್ಬರು ಮತ್ತು ಚರ್ಚಿನ ಯುವಕನೊಬ್ಬ ಕಲಿತರು. ಆರು ತಿಂಗಳಿಗೊಮ್ಮೆ ನಡೆಯುವ ಪರಿಶೀಲನಾ ಸಭೆಯಲ್ಲಿ ಅವರಿಬ್ಬರೇ ಹೊಸ ಕಾರ್ಡುಗಳನ್ನು ಬರೆದು ತರುತ್ತಾರೆ.