ಶೇ 5ರ ಸುಂಕ ಹೋದ ಮೇಲೆ ನಮ್ಮ ಅಂಗಿಗಳಿಗೆ ಆದದ್ದು

ದಾವಣಗೆರೆಯಲ್ಲಿ ನಮ್ಮದು ನಲವತ್ತು ಹೊಲಿಗೆ ಯಂತ್ರಗಳ ಸಣ್ಣ ಘಟಕ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಈ ಊರಿನಿಂದ ನಾನು ಕೆಲವು ವರ್ಷಗಳಿಂದ ದುಬೈಗೆ ಹತ್ತಿಯ ಅಂಗಿಗಳನ್ನು ಕಳುಹಿಸುತ್ತಿದ್ದೇನೆ. ಭಾರತ ಮತ್ತು ದುಬೈ ಇರುವ ಯುಎಇ ನಡುವಿನ ವ್ಯಾಪಾರ ಒಪ್ಪಂದ 2022ರ ಮೇ 1ರಂದು ಜಾರಿಗೆ ಬಂದಾಗ, ಅಲ್ಲಿ ಉಡುಪಿನ ಮೇಲೆ ಬೀಳುತ್ತಿದ್ದ ಶೇ 5ರ ಆಮದು ಸುಂಕ ನಮ್ಮ ಸರಕಿಗೆ ಇಲ್ಲವಾಯಿತು. ಬಾಂಗ್ಲಾದೇಶ ಮತ್ತು ಚೀನಾದ ಅಂಗಿಗಳಿಗೆ ಅದು ಹಾಗೆಯೇ ಉಳಿಯಿತು.

ಹತ್ತು ಲಕ್ಷದ ಸರಕಿಗೆ ಐವತ್ತು ಸಾವಿರ ಉಳಿಯುತ್ತದೆಂದು ನಾನು ಹಿಗ್ಗಿದೆ. ಆದರೆ ಸುಂಕ ಕಟ್ಟುವವರು ಅಲ್ಲಿನ ಆಮದುದಾರರು, ಆದ್ದರಿಂದ ಉಳಿತಾಯವೂ ಮೊದಲು ಅವರ ಕೈಗೇ ಸೇರುತ್ತದೆ. ಬಟ್ಟೆ, ದಾರ, ಗುಂಡಿ, ಕೂಲಿ, ಸಾಗಣೆಗಳ ಲೆಕ್ಕವನ್ನು ಎದುರಿಗಿಟ್ಟು ಕೇಳಿದ ಮೇಲೆಯೇ ಖರೀದಿದಾರರು ಪ್ರತಿ ಅಂಗಿಯ ದರವನ್ನು ಸ್ವಲ್ಪ ಏರಿಸಿ, ಆರ್ಡರ್‌ ಅನ್ನೂ ಹೆಚ್ಚಿಸಿದರು. ನನ್ನ ಮಟ್ಟಿಗೆ ದರಕ್ಕಿಂತ ಹೆಚ್ಚಿದ ಆರ್ಡರ್‌ನಿಂದಲೇ ಹೆಚ್ಚು ಲಾಭವಾಯಿತು, ಏಕೆಂದರೆ ಯಂತ್ರಗಳು ಖಾಲಿ ನಿಲ್ಲುವ ದಿನಗಳು ಕಡಿಮೆಯಾದವು.

ಈ ರಿಯಾಯಿತಿ ಸಿಗಬೇಕಾದರೆ ಸರಕು ಭಾರತದಲ್ಲೇ ತಯಾರಾದದ್ದೆಂಬ ಮೂಲ ಪ್ರಮಾಣಪತ್ರ ಬೇಕು. ಅದನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಪಡೆಯಬೇಕು. ನಮ್ಮ ಎರಡನೆಯ ಸರಕಿನ ಕಾಗದಪತ್ರ ಸಿದ್ಧಪಡಿಸಿದವರು, ಸುಂಕಕ್ಕಾಗಿ ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆಯನ್ನು 6205 ಎಂದು ಬರೆಯುವಲ್ಲಿ 6105 ಎಂದು ಬರೆದರು. ಮೊದಲನೆಯದು ನೇಯ್ದ ಬಟ್ಟೆಯ ಅಂಗಿ, ಎರಡನೆಯದು ಹೆಣೆದ ಬಟ್ಟೆಯದು. ಇನ್‌ವಾಯ್ಸ್‌ನಲ್ಲಿದ್ದ ಸರಕಿನ ಸಂಖ್ಯೆಗೂ ಪ್ರಮಾಣಪತ್ರದಲ್ಲಿದ್ದುದಕ್ಕೂ ತಾಳೆಯಾಗದೆ ಸರಕು ಬಂದರಿನಲ್ಲೇ ನಿಂತಿತು. ಖರೀದಿದಾರರು ಪೂರ್ಣ ಸುಂಕ ಕಟ್ಟಿ ಬಿಡಿಸಿಕೊಂಡು, ಆ ಮೊತ್ತವನ್ನು ನಮ್ಮ ಬಿಲ್ಲಿನಲ್ಲಿ ಮುರಿದುಕೊಂಡರು. ಒಂದು ಅಂಕಿಯ ತಪ್ಪಿಗೆ ಆ ತಿಂಗಳ ಲಾಭವೆಲ್ಲ ಹೋಯಿತು.

ಒಪ್ಪಂದದ ಹೊರಗಿರುವುದು ಹೇಗಿರುತ್ತದೆಂಬುದನ್ನು 2023ರಲ್ಲಿ ಯುರೋಪಿನ ಒಬ್ಬ ಖರೀದಿದಾರರೊಂದಿಗೆ ಮಾತನಾಡುವಾಗ ಕಂಡೆ. ಐರೋಪ್ಯ ಒಕ್ಕೂಟದಲ್ಲಿ ಬಹುತೇಕ ಉಡುಪುಗಳ ಸಾಮಾನ್ಯ ಸುಂಕ ಶೇ 12; ಬೆಳೆಯುತ್ತಿರುವ ದೇಶಗಳಿಗೆ ಒಕ್ಕೂಟ ಕೊಡುವ ರಿಯಾಯಿತಿ ಕಳೆದು ನಮ್ಮ ಅಂಗಿಗಳಿಗೆ ಆಗ ಶೇ 9.6 ಬೀಳುತ್ತಿತ್ತು, ಅತ್ಯಂತ ಹಿಂದುಳಿದ ದೇಶಗಳಿಗೆ ಕೊಡುವ ವಿನಾಯಿತಿಯಿಂದ ಬಾಂಗ್ಲಾದೇಶದ ಅಂಗಿಗಳಿಗೆ ಏನೂ ಇರಲಿಲ್ಲ. ನಮ್ಮ ಹೊಲಿಗೆಯನ್ನು ಅವರು ಮನಸಾರೆ ಮೆಚ್ಚಿಕೊಂಡರೂ ಆರ್ಡರ್ ಕೊಡಲಿಲ್ಲ. ಸುಮಾರು ಒಂಬತ್ತೂವರೆ ರೂಪಾಯಿಯ ಅಂತರವನ್ನು ನೂರು ರೂಪಾಯಿಯ ಸರಕಿನಲ್ಲಿ ಕೂಲಿ ಕಡಿತದಿಂದ ತುಂಬಲು ನಾನು ಒಪ್ಪಲಾರೆ.

ಈಗ ಬಟ್ಟೆ ಕತ್ತರಿಸುವ ಮುಂಚೆಯೇ ಪ್ರತಿ ಆರ್ಡರ್‌ಗೆ ಒಂದು ಕಡತ ತೆರೆಯುತ್ತೇನೆ. ನೂಲು ಎಲ್ಲಿಯದೆಂಬ ನೇಯ್ಗೆಯವರ ಲಿಖಿತ ಹೇಳಿಕೆ, ಬಟ್ಟೆಯ ಬಿಲ್ಲು, ಗುಂಡಿಯ ಬಿಲ್ಲು ಅದರಲ್ಲಿರುತ್ತವೆ. ಸರಕಿನ ಸಂಖ್ಯೆಯನ್ನು ಕಡತದ ಮೇಲೆ ಕೆಂಪು ಶಾಯಿಯಲ್ಲಿ ನಾನೇ ಬರೆಯುತ್ತೇನೆ.