ಶುಕ್ರವಾರದ ಅರ್ಧ ಹಾಳೆ: ಪೋಷಕರಿಗೆ ತರಗತಿಯ ಸುದ್ದಿ ಮುಟ್ಟಿಸಿದ ನನ್ನ ಅನುಭವ

ಪೋಷಕರು ಏನನ್ನೂ ಓದುವುದಿಲ್ಲ ಎಂಬುದು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಬಹುಕಾಲದಿಂದ ಇತ್ಯರ್ಥವಾಗಿದ್ದ ಮಾತು. ಕಳಿಸಿದ ಸುತ್ತೋಲೆ ಚೀಲದ ತಳದಲ್ಲಿ ಮುದುರಿ ಬಿದ್ದಿರುತ್ತದೆ, ಇಲ್ಲವೇ ಫೋನಿನಲ್ಲಿ ನೂರಾರು ಸಂದೇಶಗಳ ಕೆಳಗೆ ಹೂತುಹೋಗುತ್ತದೆ, ಆದ್ದರಿಂದ ಒಂದೇ ವಿಷಯವನ್ನು ನಾಲ್ಕು ಸಲ ಹೇಳಿ ಕೈತೊಳೆದುಕೊಳ್ಳಬೇಕು ಎಂದೇ ಎಲ್ಲರ ಅಭಿಪ್ರಾಯವಾಗಿತ್ತು. ಮೂರನೆಯ ತರಗತಿಯ ಮಕ್ಕಳಿಂದಲೇ ವಾರಕ್ಕೊಂದು ಅರ್ಧ ಹಾಳೆ ಬರೆಸಿ ಮನೆಗೆ ಕಳಿಸುತ್ತೇನೆಂದು ನಾನು ಹೇಳಿದಾಗ, "ಅವರ ಅಕ್ಷರ ನಮಗೇ ಓದಲಾಗುವುದಿಲ್ಲ, ಇನ್ನು ಪೋಷಕರು ಓದುತ್ತಾರೆಯೇ ಮೇಡಂ?" ಎಂದು ನಕ್ಕವರೇ ಹೆಚ್ಚು. ಹಾಗೆ ನಕ್ಕವರಲ್ಲಿ ಇಬ್ಬರು ಈಗ ನನ್ನ ನಮೂನೆಯನ್ನೇ ಕೇಳಿ ಪಡೆದು ಬಳಸುತ್ತಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಹಾಳೆಯ ಕೆಳಗಿನ ಚೀಟಿಯನ್ನು ಪೋಷಕರು ಹರಿದು ಮರಳಿಸುವ ಪ್ರಮಾಣ ಆರಂಭದಲ್ಲಿ ಕಾಲುಭಾಗವೂ ಇರಲಿಲ್ಲ. ಈಗ ಹತ್ತು ಮನೆಗಳಲ್ಲಿ ಎಂಟರಿಂದ ತಪ್ಪದೆ ಬರುತ್ತದೆ. ವರ್ಷಾಂತ್ಯದ ವಾರಗಳಲ್ಲಿ "ಯಾವ ದಿನ, ಎಷ್ಟು ಗಂಟೆಗೆ, ಏನು ಹಾಕಿಸಿ ಕಳಿಸಬೇಕು" ಎಂದು ಸಂಜೆಯಿಡೀ ಬರುತ್ತಿದ್ದ ಕರೆಗಳು ಒಂದೆರಡಕ್ಕೆ ಇಳಿದಿವೆ. ಲೆಕ್ಕವೆಲ್ಲ ನೆನಪಿನಿಂದ ಹೇಳುತ್ತಿರುವುದು, ಆದರೆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ.

ಇದಕ್ಕೆ ಮೊದಲು ಸೋತ ದಾರಿಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಮೊದಲನೆಯದು ನಾಲ್ಕು ಪುಟಗಳ ಬಣ್ಣದ ಮಾಸಿಕ ಪತ್ರಿಕೆ. ತರಗತಿಗೆ ವರ್ಷಕ್ಕೆಂದು ಕೊಟ್ಟಿದ್ದ ಕಾಗದ ಮತ್ತು ಶಾಯಿಯ ಹಣದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಅದು ಮೊದಲ ಕೆಲವು ತಿಂಗಳಲ್ಲೇ ನುಂಗಿತು. ಪೋಷಕರು ತಮ್ಮ ಮಗುವಿನ ಫೋಟೋ ಎಲ್ಲಿದೆ ಎಂದು ಹುಡುಕಿ, ಕಂಡರೆ ಸಂತೋಷಪಟ್ಟು, ಕಾಣದಿದ್ದರೆ ಬೇಸರಪಟ್ಟು ಪಕ್ಕಕ್ಕಿಡುತ್ತಿದ್ದರು. ಮೂರನೆಯ ಪುಟದಲ್ಲಿದ್ದ ದಿನಾಂಕಗಳನ್ನು ಯಾರೂ ನೋಡಿರಲಿಲ್ಲ. ಅದೂ ಅಲ್ಲದೆ, ತಿಂಗಳ ಮೊದಲ ವಾರದಲ್ಲಿ ಮಾಡಿದ ಚಟುವಟಿಕೆಯ ಸುದ್ದಿ ಕೊನೆಯ ವಾರ ಮನೆ ತಲುಪುವ ಹೊತ್ತಿಗೆ ಮಗುವಿಗೇ ಅದು ಮರೆತಿರುತ್ತಿತ್ತು.

ಎರಡನೆಯದು ವಾಟ್ಸಾಪ್ ಗ್ರೂಪ್. ಅದರ ಕಥೆ ನಿಮಗೆಲ್ಲ ಗೊತ್ತು: ಶುಭೋದಯದ ಹೂವುಗಳ ನಡುವೆ ಗಣಿತ ಪರೀಕ್ಷೆಯ ದಿನಾಂಕ ಕಳೆದುಹೋಗುತ್ತದೆ. ಅಡ್ಮಿನ್ ಮಾತ್ರ ಬರೆಯಬಹುದಾದ ಸೌಲಭ್ಯ 2018ರಿಂದ ಇದ್ದೇ ಇದೆ, ಅದನ್ನು ಹಾಕಿದ ಮೇಲೆ ಗಲಾಟೆ ನಿಂತಿತು, ಆದರೆ ಪ್ರಶ್ನೆಗಳೆಲ್ಲ ನನ್ನ ಖಾಸಗಿ ಸಂದೇಶಕ್ಕೆ ಬಂದವು. ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿಯನ್ನೂ ಮಾಡಿದೆ. ಅದರಲ್ಲಿ 256 ಜನರವರೆಗೆ ಸೇರಿಸಬಹುದು, ಆದರೆ ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಟೀಚರ್ ಸಂಖ್ಯೆಯನ್ನು ಉಳಿಸಿಕೊಳ್ಳದ ಮನೆಗಳೇ ಸುದ್ದಿ ತೀರಾ ಅಗತ್ಯವಿದ್ದ ಮನೆಗಳಾಗಿದ್ದವು.

ಮೂರನೆಯದು ಎಸ್‌ಎಂಎಸ್. ಸಗಟು ಸಂದೇಶಗಳ ಕಟ್ಟನ್ನು ಕೊಳ್ಳುವ ಮುನ್ನ ಯಾರೂ ನಮಗೆ ಹೇಳದಿದ್ದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುತ್ತೇನೆ. ಇಂಗ್ಲಿಷಿನಲ್ಲಿ ಬರೆದ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ ಬರೆದರೆ ಮಿತಿ 70ಕ್ಕೆ ಇಳಿಯುತ್ತದೆ, ಅದನ್ನು ಮೀರಿದರೆ ಸಂದೇಶ 67ರ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ಬೇರೆ ಲೆಕ್ಕ ಬೀಳುತ್ತದೆ. ಅಲ್ಲಿ ಅಕ್ಷರವೆಂದರೆ ನಾವು ಎಣಿಸುವ ಅಕ್ಷರವೂ ಅಲ್ಲ, ಒತ್ತು ಮತ್ತು ಕಾಗುಣಿತದ ಪ್ರತಿ ಚಿಹ್ನೆಯೂ ಪ್ರತ್ಯೇಕ. "ಪ್ರದರ್ಶನ" ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರದ ಲೆಕ್ಕದಲ್ಲಿ ಎಂಟು. ಹೀಗಾಗಿ "ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳ ವಸ್ತುಪ್ರದರ್ಶನವಿದೆ, ದಯವಿಟ್ಟು ಬನ್ನಿ" ಎಂಬಷ್ಟು ಚಿಕ್ಕ ಆಹ್ವಾನವೇ ಒಂದು ಸಂದೇಶದ ಮಿತಿಯನ್ನು ಹೆಚ್ಚುಕಡಿಮೆ ತುಂಬಿಬಿಡುತ್ತಿತ್ತು, ಇನ್ನೊಂದು ಪದ ಸೇರಿಸಿದರೆ ಎರಡು ಸಂದೇಶಗಳ ಹಣ ಹೋಗುತ್ತಿತ್ತು. ವರ್ಷವಿಡೀ ಬರುತ್ತದೆಂದು ಕೊಂಡ ಕಟ್ಟು ಅರ್ಧ ವರ್ಷಕ್ಕೇ ಮುಗಿದು, ವಾರ್ಷಿಕೋತ್ಸವದ ಹೊತ್ತಿಗೆ ಕೈ ಬರಿದಾಗಿತ್ತು. ಪೋಷಕರ ಆ್ಯಪ್ ಒಂದನ್ನೂ ನೋಡಿದೆವು, ಅರ್ಧದಷ್ಟು ಜನ ಅದನ್ನು ಇಳಿಸಿಕೊಳ್ಳಲಿಲ್ಲ, ಇಳಿಸಿಕೊಂಡವರು ಪಾಸ್‌ವರ್ಡ್ ಮರೆತರು. ಅಷ್ಟು ಸಾಕು.

ಈಗ ಹಾಳೆಯ ವಿಷಯ. ಎ4 ಹಾಳೆಯನ್ನು ಅಡ್ಡಲಾಗಿ ಎರಡು ಮಾಡಿದರೆ ಸಿಗುವ ಅರ್ಧವೇ ಅದರ ಪೂರ್ಣ ಅಳತೆ, ಸುದ್ದಿ ಎಷ್ಟೇ ಇದ್ದರೂ ಅದನ್ನು ಮೀರುವಂತಿಲ್ಲ. ಅದರಲ್ಲಿ ನಾಲ್ಕು ಭಾಗಗಳಿವೆ. ಮೇಲಿನದು "ಈ ವಾರ ನಾವು ಮಾಡಿದ್ದು", ಅದನ್ನು ಒಂದು ಮಗು ಬರೆಯುತ್ತದೆ. ಎರಡನೆಯದು "ಮನೆಯಲ್ಲಿ ಕೇಳಿ", ಅದರಲ್ಲಿ ಒಂದೇ ಒಂದು ಪ್ರಶ್ನೆ. ಮೂರನೆಯದು "ಮುಂದಿನ ವಾರ ನೀವು ಮಾಡಬೇಕಾದದ್ದು", ಅದನ್ನು ನಾನೇ ಬರೆಯುತ್ತೇನೆ, ಮಾಡಬೇಕಾದದ್ದು ಏನೂ ಇಲ್ಲದಿದ್ದರೆ "ಏನೂ ಇಲ್ಲ" ಎಂದೇ ಬರೆಯುತ್ತೇನೆ. ಈ "ಏನೂ ಇಲ್ಲ" ಎಂಬುದು ಬಹಳ ಬೆಲೆಯುಳ್ಳದ್ದು, ಏಕೆಂದರೆ ಅದನ್ನು ಕಂಡ ಪೋಷಕರಿಗೆ ಆ ಜಾಗದಲ್ಲಿ ಏನಾದರೂ ಬರೆದಿರುವ ವಾರ ನಿಜಕ್ಕೂ ಕೆಲಸವಿದೆ ಎಂದು ತಾನಾಗಿ ಅರ್ಥವಾಗುತ್ತದೆ. ಕೊನೆಯದು ಹರಿದು ಮರಳಿಸುವ ಚೀಟಿ.

ಮಗುವಿನ ಬರಹವನ್ನು ನಾನು ತಿದ್ದುವುದಿಲ್ಲ. ಕಾಳು ಮೊಳಕೆ ಬರಿಸಿದ ವಾರ ಒಬ್ಬ ಹುಡುಗ, "ನಾವು ಕಾಳು ನೆನೆಸಿ ಹತ್ತಿಯಲ್ಲಿ ಇಟ್ಟೆವು. ಎಲ್ಲರದೂ ಮೊಳಕೆ ಬಂತು. ನನ್ನದು ಬರಲಿಲ್ಲ. ಟೀಚರ್ ಸೋಮವಾರದ ತನಕ ನೋಡೋಣ ಅಂದರು" ಎಂದು ಬರೆದಿದ್ದ. ಸೋಮವಾರ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಬೇರೆ ಬೇರೆ ಮಕ್ಕಳ ಪೋಷಕರು ಆ ಕಾಳಿನ ಯೋಗಕ್ಷೇಮ ವಿಚಾರಿಸಿದರು. ನಾಲ್ಕು ಪುಟಗಳ ಬಣ್ಣದ ಪತ್ರಿಕೆಯ ಬಗ್ಗೆ ಒಬ್ಬರೂ ಹೀಗೆ ವಿಚಾರಿಸಿದ್ದಿಲ್ಲ. ಕಾಗುಣಿತದ ತಪ್ಪುಗಳಿರುವ ಹಾಳೆ ಶಾಲೆಯಿಂದ ಹೊರಗೆ ಹೋಗಬಾರದೆಂದು ಮುಖ್ಯೋಪಾಧ್ಯಾಯರು ಆಕ್ಷೇಪಿಸಿದ್ದರು. ಹಾಳೆಯ ತಲೆಯಲ್ಲಿ "ಇದು ಮಕ್ಕಳ ಬರಹ, ಇದ್ದಂತೆಯೇ ಕಳಿಸಲಾಗಿದೆ" ಎಂಬ ಸಾಲನ್ನು ಸೇರಿಸಿದ ಮೇಲೆ ಅವರೂ ಒಪ್ಪಿದರು. ದಿನಾಂಕ, ಸಮಯ ಮತ್ತು ತರಬೇಕಾದ ವಸ್ತು ಮಾತ್ರ ಎಂದಿಗೂ ಮಗುವಿನ ಕೈಯಲ್ಲಿರುವುದಿಲ್ಲ.

"ಮನೆಯಲ್ಲಿ ಕೇಳಿ" ಎಂಬ ಪ್ರಶ್ನೆಗೆ ನಾನು ಹಾಕುವ ಶ್ರಮ ಇಡೀ ಹಾಳೆಗೆ ಹಾಕುವುದಕ್ಕಿಂತ ಹೆಚ್ಚು. "ಇವತ್ತು ಶಾಲೆಯಲ್ಲಿ ಏನು ಮಾಡಿದೆ?" ಎಂದು ಕೇಳಿದರೆ "ಏನಿಲ್ಲ" ಎಂಬ ಉತ್ತರ ಎಲ್ಲ ಮನೆಗಳಲ್ಲೂ ಸಿದ್ಧವಾಗಿರುತ್ತದೆ. "ನೀರಿನ ತೊಟ್ಟಿಯಲ್ಲಿ ಮುಳುಗುತ್ತದೆಂದು ನೀನು ಹೇಳಿದ್ದು ತೇಲಿತಂತೆ, ಅದು ಯಾವುದು?" ಎಂದು ಕೇಳಿದರೆ ಮಗು ಹತ್ತು ನಿಮಿಷ ಮಾತಾಡುತ್ತದೆ. ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಲಾಗಬಾರದು, ಮತ್ತು ಉತ್ತರ ಪಠ್ಯಪುಸ್ತಕದಲ್ಲಿ ಇರಬಾರದು ಎಂಬ ಎರಡು ನಿಯಮಗಳನ್ನು ಇಲ್ಲಿ ಹೇಳಬಲ್ಲೆ. ಮೂರನೆಯದೊಂದು ಇದೆ, ಚೀಟಿ ಮರಳಿ ಬರುವುದು ಬಹುಮಟ್ಟಿಗೆ ಅದರಿಂದಲೇ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಯಾವ ವಾರ ಯಾವ ಮಗುವಿಂದ ಬರೆಸಬೇಕು ಎಂಬುದರಲ್ಲಿಯೂ ಒಂದು ಲೆಕ್ಕಾಚಾರವಿದೆ, ಹಾಜರಿ ಪುಸ್ತಕದ ಕ್ರಮವಂತೂ ಅಲ್ಲ ಎಂದಷ್ಟೇ ಹೇಳುತ್ತೇನೆ.

ಕುಶಲಕೆಲಸದ ಒಂದೆರಡು ಮಾತು. ಪೆನ್ಸಿಲಿನಲ್ಲಿ ಬರೆದದ್ದು ಜೆರಾಕ್ಸಿನಲ್ಲಿ ಮಸುಕಾಗುತ್ತದೆ, ಫೋಟೋ ತೆಗೆದು ಕಳಿಸಿದರೆ ಇನ್ನೂ ಮಸುಕಾಗುತ್ತದೆ. ಆದ್ದರಿಂದ ಮಗು ಮೊದಲು ರಫ್ ಪುಸ್ತಕದಲ್ಲಿ ಬರೆದು, ನಂತರ ಕಪ್ಪು ಜೆಲ್ ಪೆನ್ನಿನಲ್ಲಿ ಹಾಳೆಗೆ ಇಳಿಸುತ್ತದೆ. ಸಾಲು ನೇರವಾಗಿರಲೆಂದು ನಾನು ತಿಳಿನೀಲಿ ಬಣ್ಣದ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದಿರುತ್ತೇನೆ, ಯಂತ್ರದ ಗಾಢತೆಯನ್ನು ಒಂದು ಹಂತ ಕಡಿಮೆ ಮಾಡಿದರೆ ನೀಲಿ ಗೆರೆ ಪ್ರತಿಯಲ್ಲಿ ಮೂಡುವುದಿಲ್ಲ, ಕಪ್ಪು ಅಕ್ಷರ ಮಾತ್ರ ಉಳಿಯುತ್ತದೆ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಒಡೆಯುವುದಿಲ್ಲ. ಚಟುವಟಿಕೆಯ ಫೋಟೋ ಹಾಕುವುದಿದ್ದರೆ ಮಕ್ಕಳ ಕೈಗಳು ಮತ್ತು ಮಾಡಿದ ಕೆಲಸ ಮಾತ್ರ ಕಾಣಬೇಕು, ಮುಖ ಬೇಡ. ಇದರಿಂದ ಅನುಮತಿಯ ತಕರಾರೂ ಇಲ್ಲ, ನನ್ನ ಮಗು ಏಕಿಲ್ಲ ಎಂಬ ದೂರೂ ಇಲ್ಲ. ತಂದೆ ಮತ್ತು ತಾಯಿ ಬೇರೆ ಬೇರೆ ಮನೆಗಳಲ್ಲಿರುವ ಮಕ್ಕಳಿಗೆ ಕೇಳದೆಯೇ ಎರಡು ಪ್ರತಿ ಕೊಡುತ್ತೇನೆ.

ಓದಲು ಬಾರದ ಅಥವಾ ಕನ್ನಡ ಲಿಪಿ ತಿಳಿಯದ ಪೋಷಕರಿಗಾಗಿ ಹಾಳೆಯ ಜೊತೆಗೆ ಮುಕ್ಕಾಲು ನಿಮಿಷ ಮೀರದ ಧ್ವನಿ ಸಂದೇಶ ಕಳಿಸಲು ತೊಡಗಿದೆ. ಆಶ್ಚರ್ಯವೆಂದರೆ ಅದನ್ನು ಹೆಚ್ಚು ಕೇಳುವವರು ಚೆನ್ನಾಗಿ ಓದಬಲ್ಲವರೇ, ಅಡುಗೆ ಮಾಡುತ್ತಲೋ ಬಸ್ಸಿನಲ್ಲಿ ಕುಳಿತೋ ಕೇಳಿಬಿಡುತ್ತಾರೆ. ಹಾಳೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿ ಈ ಧ್ವನಿಗೆ ಜೋಡಿಸುವ ಪ್ರಯೋಗವನ್ನೂ ಮಾಡಿದೆ. ಹಾಳೆಯನ್ನು ಫೋನಿನಲ್ಲೇ ಪಡೆದವರು ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆಂದು ತಬ್ಬಿಬ್ಬಾದರು, ಅಲ್ಲಿಗೆ ಅದನ್ನು ಕೈಬಿಟ್ಟೆ. ವಾಟ್ಸಾಪ್ ಪೋಲ್ ಮೂಲಕ ಪೋಷಕರ ಸಭೆಯ ಸಮಯ ಗೊತ್ತುಮಾಡುವ ಪ್ರಯತ್ನವೂ ನಡೆಯಿತು, ಯಾರು ಯಾವುದಕ್ಕೆ ಮತ ಹಾಕಿದರೆಂದು ಎಲ್ಲರಿಗೂ ಕಾಣುವುದರಿಂದ ಮೊದಲು ಮೂರು ಜನ ಒತ್ತಿದ ಸಮಯಕ್ಕೇ ಉಳಿದವರೂ ಒತ್ತಿದರು, ಸಭೆಗೆ ಮಾತ್ರ ಬರಲಿಲ್ಲ. ಚೀಟಿಯಲ್ಲಿ ಗುಟ್ಟಾಗಿ ಕೇಳಿದಾಗಲೇ ನಿಜವಾದ ಅನುಕೂಲ ತಿಳಿದದ್ದು.

ಇಷ್ಟು ಚಿಕ್ಕ ಬರಹದಿಂದ ಏನಾದೀತು ಎಂದವರಿಗೆ ಈಗ ಒಂದು ಅಧ್ಯಯನವನ್ನು ತೋರಿಸುತ್ತೇನೆ. ಅಮೆರಿಕದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಕ್ಷಕರಿಂದ ಪೋಷಕರಿಗೆ ವಾರಕ್ಕೊಮ್ಮೆ ಹೋದದ್ದು ಒಂದೇ ಒಂದು ವಾಕ್ಯ. ಅಷ್ಟರಿಂದಲೇ ಬೇಸಿಗೆ ತರಗತಿಯಲ್ಲಿ ಅನುತ್ತೀರ್ಣರಾಗುವವರ ಪ್ರಮಾಣ ಶೇ 41ರಷ್ಟು ತಗ್ಗಿತ್ತು. ಅವರು ಪ್ರೌಢಶಾಲೆಯ ಮಕ್ಕಳು, ನಮ್ಮವರು ಚಿಕ್ಕವರು, ಆದರೂ ಅರ್ಧ ಹಾಳೆಯನ್ನು ಕಡಿಮೆಯೆನ್ನುವವರ ಬಾಯಿ ಮುಚ್ಚಿಸಲು ಅದು ಸಾಕಾಯಿತು.

ಆದರೆ ಈ ಕ್ರಮಕ್ಕೆ ನಿಜವಾದ ಪರೀಕ್ಷೆ ವರ್ಷದ ಕೊನೆಯ ಐದಾರು ವಾರಗಳು. ವಸ್ತುಪ್ರದರ್ಶನ, ವಾರ್ಷಿಕೋತ್ಸವ, ಅದರ ರಿಹರ್ಸಲ್‌ಗಳು, ಗ್ರೂಪ್ ಫೋಟೋ, ಗ್ರಂಥಾಲಯದ ಪುಸ್ತಕ ಮರಳಿಸುವುದು, ಪ್ರಗತಿ ಪತ್ರ ವಿತರಣೆ, ಬೀಳ್ಕೊಡುಗೆ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಶಾಲೆಗಳು ಸಾಮಾನ್ಯವಾಗಿ ಇವೆಲ್ಲವನ್ನೂ ಒಂದೇ ದೊಡ್ಡ ಸುತ್ತೋಲೆಯಲ್ಲಿ ತುಂಬಿ ಕಳಿಸಿ ನಿರಾಳವಾಗುತ್ತವೆ. ನಾನು ದಿನಾಂಕಗಳನ್ನು ವಿವರಗಳಿಂದ ಬೇರ್ಪಡಿಸಿದೆ. ಸುಮಾರು ಎರಡು ತಿಂಗಳು ಮೊದಲೇ, ಸಮಯವಾಗಲಿ ಸ್ಥಳವಾಗಲಿ ನಿಶ್ಚಯವಾಗದಿದ್ದರೂ, ದಿನಾಂಕಗಳ ಪಟ್ಟಿಯೊಂದೇ ಹೋಗುತ್ತದೆ, ಏಕೆಂದರೆ ಕೆಲಸಕ್ಕೆ ಹೋಗುವವರು ರಜೆ ಕೇಳಲು ಬೇಕಾದದ್ದು ದಿನಾಂಕ ಮಾತ್ರ. ಎರಡು ವಾರ ಮೊದಲು ವಿವರ, ಹಿಂದಿನ ಸಂಜೆ ಧ್ವನಿ ಸಂದೇಶ. ಅದಕ್ಕಿಂತ ಹೆಚ್ಚು ಸಲ ಹೇಳುವುದಿಲ್ಲ. ಹೆಚ್ಚು ಸಲ ಹೇಳಿದಷ್ಟೂ ಮೊದಲ ಸಲ ಓದುವವರು ಕಡಿಮೆಯಾಗುತ್ತಾರೆ.

ದಿನಾಂಕ ಬದಲಾದರೆ ಹಳದಿ ಕಾಗದದ ಚಿಕ್ಕ ಪಟ್ಟಿ ಹೋಗುತ್ತದೆ. ವರ್ಷವಿಡೀ ಹಳದಿ ಕಾಗದವನ್ನು ನಾನು ಬೇರಾವುದಕ್ಕೂ ಬಳಸುವುದಿಲ್ಲ, ಚಿತ್ರಕಲೆಯ ತರಗತಿಗೆ ಕೇಳಿದರೂ ಕೊಡುವುದಿಲ್ಲ. ಈಚೆಗೆ ಮಕ್ಕಳೇ ಮನೆಗೆ ಹೋಗುತ್ತಲೇ "ಹಳದಿ ಬಂದಿದೆ" ಎಂದು ಕೂಗುತ್ತಾರಂತೆ.

ವಾರ್ಷಿಕೋತ್ಸವಕ್ಕೆ ಪೋಷಕರು ಬರುವುದಿಲ್ಲ ಎಂಬ ದೂರಿನ ಹಿಂದೆ ನಾನು ಕಂಡ ಕಾರಣ ಬಹಳ ಸರಳವಾದದ್ದು: ತಮ್ಮ ಮಗು ಎಷ್ಟು ಹೊತ್ತಿಗೆ ವೇದಿಕೆ ಹತ್ತುತ್ತದೆಂದು ಅವರಿಗೆ ಗೊತ್ತಿರುವುದಿಲ್ಲ, ಮೂರು ಗಂಟೆ ಕೂರುವಷ್ಟು ಬಿಡುವೂ ಇರುವುದಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿ ನೃತ್ಯ ಮತ್ತು ನಾಟಕದ ಮುಂದೆ ಅಂದಾಜು ಸಮಯವನ್ನು, ಹತ್ತು ನಿಮಿಷ ಹಿಂದುಮುಂದು ಆಗಬಹುದೆಂಬ ಸೂಚನೆಯೊಡನೆ ಬರೆದು ಕಳಿಸಿದ ವರ್ಷ, ನಮ್ಮ ತರಗತಿಯ ಮುಕ್ಕಾಲು ಪಾಲು ಮನೆಗಳಿಂದ ಯಾರಾದರೊಬ್ಬರು ಬಂದರು, ಅದಕ್ಕೆ ಹಿಂದೆ ಅರ್ಧ ದಾಟಿದ್ದಿಲ್ಲ. ತಮ್ಮ ಮಗುವಿನದು ಮುಗಿದ ಕೂಡಲೇ ಎಲ್ಲರೂ ಎದ್ದುಹೋಗುತ್ತಾರೆ, ಭಾಷಣಗಳಿಗೆ ಯಾರೂ ಉಳಿಯುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಕೆಲವರು ಎದ್ದುಹೋದದ್ದು ನಿಜ. ಆದರೆ ಬಾರದೆ ಇರುವುದಕ್ಕಿಂತ ಬಂದು ಹೋಗುವುದು ಮೇಲು, ಭಾಷಣಗಳ ಉದ್ದದ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ.

ವೇಷಭೂಷಣದ ಸೂಚನೆಯಲ್ಲಿ ಪೋಷಕರ ಹಣ ಉಳಿಸುವುದೂ ನಮ್ಮ ಕೈಯಲ್ಲೇ ಇದೆ. "ಬಿಳಿ ಅಂಗಿ" ಎಂದಷ್ಟೇ ಬರೆದರೆ ಅರ್ಧ ಜನ ಹೊಸದನ್ನು ಕೊಳ್ಳುತ್ತಾರೆ. "ಮನೆಯಲ್ಲಿರುವ ಯಾವುದೇ ತಿಳಿಬಣ್ಣದ ಅಂಗಿ ಆಗುತ್ತದೆ, ಕೊಳ್ಳಬೇಡಿ, ಇಲ್ಲದಿದ್ದರೆ ಚೀಟಿಯಲ್ಲಿ ಗುರುತು ಹಾಕಿ, ನಾವು ಕೊಡುತ್ತೇವೆ" ಎಂದು ಬರೆದರೆ ಯಾರೂ ಕೊಳ್ಳುವುದಿಲ್ಲ, ಮುಜುಗರಪಡುವುದೂ ಇಲ್ಲ. ಹೀಗೆ ಗುರುತು ಹಾಕುವವರು ಪ್ರತಿ ವರ್ಷ ಮೂರು ನಾಲ್ಕು ಮನೆಯವರು ಇರುತ್ತಾರೆ, ಹಿಂದಿನ ವರ್ಷಗಳಲ್ಲಿ ಆ ಮಕ್ಕಳು ಕಾರ್ಯಕ್ರಮದ ದಿನ "ಜ್ವರ" ಎಂದು ಗೈರುಹಾಜರಾಗುತ್ತಿದ್ದರು.

ಖರ್ಚಿನ ಮಾತಿಗೆ ಬಂದರೆ, ವರ್ಷಪೂರ್ತಿ ಅರ್ಧ ಹಾಳೆಗಳಿಗೆ ತಗಲುವುದು ಬಣ್ಣದ ಪತ್ರಿಕೆಗೆ ತಗಲುತ್ತಿದ್ದುದರ ಐದನೇ ಒಂದು ಭಾಗವಿದ್ದೀತು. ಎಸ್‌ಎಂಎಸ್ ಕಟ್ಟನ್ನು ಕೊಳ್ಳುವುದೇ ನಿಂತಿದೆ. ಉಳಿದ ಹಣದಲ್ಲಿ ಜೆಲ್ ಪೆನ್ನುಗಳು ಮತ್ತು ಪ್ರದರ್ಶನಕ್ಕೆ ಎರಡು ಸಾಫ್ಟ್ ಬೋರ್ಡ್‌ಗಳು ಬಂದಿವೆ. ನನ್ನ ಸಮಯ ವಾರಕ್ಕೆ ಒಂದು ಗಂಟೆಯ ಆಸುಪಾಸು, ಅದರಲ್ಲಿ ಹೆಚ್ಚಿನದು ಆ ಒಂದು ಪ್ರಶ್ನೆಯನ್ನು ಹುಡುಕುವುದಕ್ಕೆ. ವರ್ಷದ ಕೊನೆಯ ಹಾಳೆಯಲ್ಲಿ ಮಾತ್ರ ಭಾಗಗಳು ಅದಲುಬದಲಾಗುತ್ತವೆ: ಪ್ರಶ್ನೆಯನ್ನು ಪೋಷಕರು ಬರೆಯಬೇಕು, ನಾವು ಉತ್ತರಿಸಬೇಕು. ಈ ಸಲ ಬಂದವುಗಳಲ್ಲಿ ಮೂರರಲ್ಲಿ ಒಂದು ಪಾಲು ಪ್ರಶ್ನೆ ಒಂದೇ ಆಗಿತ್ತು, ನಾಲ್ಕನೆಯ ತರಗತಿಯಲ್ಲಿಯೂ ಈ ಹಾಳೆ ಬರುತ್ತದೆಯೇ ಎಂದು. ಆ ಚೀಟಿಗಳನ್ನೆಲ್ಲ ಪಿನ್ ಹಾಕಿ ನಾಲ್ಕನೆಯ ತರಗತಿಯ ಶಿಕ್ಷಕರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.